ಇರ್ಲಿ ಅಂತ ಒಂದು ಬರ್ತ್

ಹಬ್ಬಕ್ಕೆ ಇನ್ನೂ ಎರಡು ತಿಂಗಳಿದೆ ಅನ್ನುವಾಗಲೇ ಬೆಂಗಳೂರಿನ ಅರ್ಧ ಜನಕ್ಕೆ ಊರಿಗೆ ಹೋಗುವ ಚಿಂತೆ ಶುರುವಾಗಿರುತ್ತದೆ. ರಜೆ ಸಿಗುತ್ತೋ ಇಲ್ವೋ, ಶುಕ್ರವಾರ ಸಂಜೆ ರಿಲೀಸ್ ಬಂದು ಕೂತರೆ ಏನು ಗತಿ, ಗುರುವಾರ ರಾತ್ರಿಯೇ ಹೊರಡಬಹುದಾ, ಯಾವುದೂ ಗೊತ್ತಿರುವುದಿಲ್ಲ. ಆದರೆ ರೈಲಿನ ಬುಕಿಂಗ್ ನಮ್ಮ ಮ್ಯಾನೇಜರನ್ನು ಕೇಳಿ ತೆರೆಯುವುದಿಲ್ಲವಲ್ಲ. ಪ್ರಯಾಣಕ್ಕೆ 60 ದಿನ ಮುಂಚೆ, ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಹಬ್ಬದ ಹಿಂದಿನ ರಾತ್ರಿಯ ರೈಲಾದರೆ ಹಲ್ಲುಜ್ಜಿ ಬರುವಷ್ಟರಲ್ಲಿ ಮುಗಿದೂ ಹೋಗಿರುತ್ತದೆ. ಹಾಗಾಗಿ ಜಾಣರು ಏನು ಮಾಡ್ತಾರೆ? ಗುರುವಾರದ ರೈಲಿಗೆ ಒಂದು, ಶುಕ್ರವಾರಕ್ಕೆ ಒಂದು, ಇರ್ಲಿ ಅಂತ ಶನಿವಾರಕ್ಕೂ ಒಂದು ಬುಕ್ ಮಾಡಿ ಇಟ್ಟುಕೊಳ್ಳುತ್ತಾರೆ. ಹೊರಡುವ ವಾರ ಬಂದಾಗ ಬೇಡದ ಎರಡನ್ನು ಕ್ಯಾನ್ಸಲ್ ಮಾಡಿದರಾಯ್ತು.

ಇದು ತಪ್ಪಾ ಅಂತ ಕೇಳಿದರೆ ನಗು ಬರಬಹುದು. ಕದ್ದಿಲ್ಲ, ಸುಳ್ಳು ಹೇಳಿಲ್ಲ, ದುಡ್ಡು ಕೊಟ್ಟೇ ತಗೊಂಡಿದ್ದು, ರದ್ದು ಮಾಡಿದ್ದಕ್ಕೆ ಕಡಿತವನ್ನೂ ಒಪ್ಪಿಕೊಂಡಿದ್ದು. ನಿಯಮವೂ ಅಡ್ಡ ಬರುವುದಿಲ್ಲ. 2022ರಿಂದ, ಆಧಾರ್ ಜೋಡಿಸಿದ ಖಾತೆಯಲ್ಲಿ ತಿಂಗಳಿಗೆ 24 ಟಿಕೆಟ್ ತನಕ ಬುಕ್ ಮಾಡಬಹುದು, ಒಂದೊಂದರಲ್ಲಿ 6 ಜನರ ತನಕ. ಲೋಕದಲ್ಲಿ ಇದಕ್ಕಿಂತ ದೊಡ್ಡ ಪಾಪಗಳು ಬೇಕಾದಷ್ಟಿವೆ. ಆದರೂ ಈ ಸಣ್ಣ ಪ್ರಶ್ನೆಯನ್ನು ಹಿಡಿದು ಕೂರಬೇಕು ಅಂತ ನನಗನ್ನಿಸುವುದಕ್ಕೆ ಕಾರಣ ಇದೆ. ನಮ್ಮಂಥ ಸಂಬಳದ ಜನ ಇನ್ನೊಬ್ಬರಿಗೆ ತೊಂದರೆ ಕೊಡುವುದಿದ್ದರೆ ಬಹುಮಟ್ಟಿಗೆ ಹೀಗೇ ಕೊಡುವುದು: ಎದುರಿಗೆ ಯಾರೂ ಕಾಣಿಸದ ಹಾಗೆ, ಫೋನಿನ ಮೇಲೆ ಬೆರಳಾಡಿಸಿ, ರಸೀದಿ ಸಮೇತ.

ಬರ್ತ್ ಅಂದರೆ ಏನು ಅಂತ ಮೊದಲು ನೋಡೋಣ. ಈಗಿನ ಎಲ್‌ಎಚ್‌ಬಿ ಸ್ಲೀಪರ್ ಬೋಗಿಯಲ್ಲಿ 80 ಬರ್ತ್, ಹಳೆಯ ನೀಲಿ ಬೋಗಿಗಳಲ್ಲಿ 72. ಎಂಟೆಂಟರ ಗೂಡುಗಳು: ಈ ಕಡೆ ಮೂರು, ಆ ಕಡೆ ಮೂರು, ಓಡಾಡುವ ದಾರಿಯ ಪಕ್ಕ ಸೈಡ್ ಲೋವರ್, ಸೈಡ್ ಅಪ್ಪರ್. ಕೇಳೋದಕ್ಕೆ 80, ಆದರೆ ಬೆಳಗ್ಗೆ 8ಕ್ಕೆ ನಾವು ಮುಗಿಬೀಳುವುದು ಅಷ್ಟಕ್ಕೂ ಅಲ್ಲ. ತತ್ಕಾಲ್‌ಗೆ ಅಂತ ಒಂದು ಪಾಲು ತೆಗೆದಿಟ್ಟಿರುತ್ತಾರೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಕೆಲವು ಲೋವರ್ ಬರ್ತ್. ಸೇನೆಯವರಿಗೆ, ಒಬ್ಬರೇ ಹೋಗುವ ಮಹಿಳೆಯರಿಗೆ, ತುರ್ತು ಕೋಟಾಕ್ಕೆ, ದಾರಿಯ ನಡುವಿನ ಊರುಗಳಿಗೆ ಒಂದೊಂದು ಪಾಲು. ಉಳಿದದ್ದು ಸಾಮಾನ್ಯ ಕೋಟಾ. ಅದು ತುಂಬಿದ ಮೇಲೆ ಆರ್‌ಎಸಿ, ಅಂದರೆ ಒಂದು ಸೈಡ್ ಲೋವರ್ ಇಬ್ಬರಿಗೆ. ಪರಿಚಯವೇ ಇಲ್ಲದ ಇಬ್ಬರು ಎದುರುಬದುರು ಕೂತು, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು, ನೀವು ಸ್ವಲ್ಪ ಕಾಲು ಚಾಚಿ ಸಾರ್, ಆಮೇಲೆ ನಾನು ಚಾಚ್ತೀನಿ ಅಂತ ರಾತ್ರಿ ಕಳೆಯುವ ವ್ಯವಸ್ಥೆ ಅದು. ಆರ್‌ಎಸಿಯೂ ತುಂಬಿದ ಮೇಲೆ ವೇಟಿಂಗ್ ಲಿಸ್ಟ್. ಅದಕ್ಕೂ ಒಂದು ಮಿತಿ ಇದೆ. ಅದೂ ಮುಗಿದರೆ ಪರದೆಯ ಮೇಲೆ ಬರುವ ಪದ 'ರಿಗ್ರೆಟ್'.

ಈ ಇಡೀ ಸಾಲು ನಿಂತಿರುವುದು ಒಂದೇ ನಂಬಿಕೆಯ ಮೇಲೆ: ಮೊದಲು ಬಂದವರಿಗೆ ಮೊದಲು. ಜಾತಿ ಕೇಳಲ್ಲ, ಸಂಬಳ ಕೇಳಲ್ಲ, ಶಿಫಾರಸು ಕೇಳಲ್ಲ. ನಮ್ಮ ದೇಶದಲ್ಲಿ ಇಷ್ಟು ಚೊಕ್ಕವಾದ ನಿಯಮ ಅಪರೂಪವೇ. ಕೌಂಟರಿನ ಮುಂದೆ ರಾತ್ರಿಯೆಲ್ಲ ಟವೆಲ್ ಹಾಸಿ ಮಲಗಿ ಸಾಲು ಹಿಡಿದ ಕಾಲದಿಂದಲೂ ಅದರ ಮರ್ಯಾದೆ ಇರುವುದು ಇದೇ ಕಾರಣಕ್ಕೆ. ಅಲ್ಲಿ ಮೊದಲು ಬಂದವನು ನಿದ್ದೆ ಬಿಟ್ಟು ಬಂದಿರುತ್ತಿದ್ದ, ಪಕ್ಕದಲ್ಲಿ ನಿಂತವರಿಗೆ ಅದು ಕಾಣಿಸುತ್ತಲೂ ಇತ್ತು.

ನಮ್ಮ ಟೀಮಿನಲ್ಲಿ ಕಲಬುರಗಿ ಕಡೆಯ ಗೆಳೆಯ ಒಬ್ಬ ಇದ್ದಾನೆ. ಮೇಲೆ ಹೇಳಿದ ಜಾಣರ ಪೈಕಿ ಅವನೂ ಒಬ್ಬ. ಮಧ್ಯಾಹ್ನ ಊಟಕ್ಕೆ ಕೂತಾಗ ಈ ಮಾತು ತೆಗೆದೆ. ಅವನು ಡಬ್ಬಿ ಮುಚ್ಚಳ ತೆಗೆಯುತ್ತಲೇ ಉತ್ತರ ಕೊಟ್ಟ, ಮೊದಲೇ ತಯಾರಿದ್ದವನ ಹಾಗೆ.

"ನಾ ಬಿಟ್ಟ ಬರ್ತ್ ಏನ್ ಗಾಳಿಗೆ ಹೋಗ್ತದೇನೋ? ಆರ್‌ಎಸಿಯವನಿಗೆ ಹೋಗ್ತದ, ಅವನ ಜಾಗ ವೇಟಿಂಗ್‌ನವನಿಗೆ ಹೋಗ್ತದ. ಒಬ್ಬನಿಗೂ ಲಾಸ್ ಇಲ್ಲ. ನಡುವೆ ರೈಲ್ವೆಗೆ ನೂರಿಪ್ಪತ್ ರೂಪಾಯಿ ಲಾಭ. ನಾ ಪುಣ್ಯದ ಕೆಲಸ ಮಾಡಾಕತ್ತೀನಿ ಅಂತ ತಿಳ್ಕೋ."

ಇದು ತಳ್ಳಿಹಾಕುವಂಥ ವಾದವೇನಲ್ಲ. ಬರ್ತ್ ನಿಜವಾಗಿಯೂ ಹಾಗೇ ಕೈಬದಲಾಗುತ್ತದೆ. ಸ್ಲೀಪರ್ ಟಿಕೆಟ್ಟನ್ನು ಸಾಕಷ್ಟು ಮುಂಚೆ ರದ್ದು ಮಾಡಿದರೆ ಹಿಡಿಯುವುದು ತಲೆಗೆ 120 ರೂಪಾಯಿ, ಥರ್ಡ್ ಎಸಿಗೆ 180. ಬೆಂಗಳೂರಿನಲ್ಲಿ ಒಂದು ಕಾಫಿಗೆ ಅಷ್ಟು ಕೊಡುವವರು ನಾವು. ಮೂರು ದಿನದ ನೆಮ್ಮದಿಗೆ ಎರಡು ಕಾಫಿಯ ದುಡ್ಡು ಅಂದರೆ ಅಗ್ಗವೇ ಆಯ್ತು.

ಆ ಅಗ್ಗದಲ್ಲೇ ಒಂದು ಎಡವಟ್ಟಿದೆ. ಇಸ್ರೇಲಿನ ಹೈಫಾ ಊರಿನ ಹತ್ತು ಶಿಶುವಿಹಾರಗಳಲ್ಲಿ ನಡೆದ ಒಂದು ಪ್ರಯೋಗದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು, ಯೂರಿ ಗ್ನೀಜಿ ಮತ್ತು ಆಲ್ಡೋ ರಸ್ಟಿಕಿನಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನು 2000ದಲ್ಲಿ ಪ್ರಕಟಿಸಿದರು. ಸಂಜೆ ಮಕ್ಕಳನ್ನು ಕರೆದುಕೊಂಡು ಹೋಗಲು ಅಪ್ಪ ಅಮ್ಮ ತಡವಾಗಿ ಬರುತ್ತಿದ್ದರು. ಕೆಲವು ಶಿಶುವಿಹಾರಗಳಲ್ಲಿ ತಡವಾದರೆ ಸಣ್ಣ ದಂಡ ಅಂತ ಹಾಕಿದರು. ತಡವಾಗಿ ಬರುವವರು ಕಮ್ಮಿಯಾಗಲಿಲ್ಲ, ಜಾಸ್ತಿಯಾದರು. ಮೊದಲು ಕಾಯುತ್ತಾ ಕೂತ ಟೀಚರಮ್ಮನ ಮುಖ ನೋಡಿ ಸಂಕೋಚ ಆಗುತ್ತಿತ್ತು. ದಂಡ ಬಂದ ಮೇಲೆ ಅದು ದಂಡವಾಗಿ ಉಳಿಯದೆ ಬೆಲೆಯಾಯಿತು. ಹೆಚ್ಚು ಹೊತ್ತು ಬೇಕು, ತಗೋ ದುಡ್ಡು. ಇನ್ನೂ ವಿಚಿತ್ರ ಅಂದರೆ ಕೊನೆಗೆ ದಂಡವನ್ನು ತೆಗೆದು ಹಾಕಿದ ಮೇಲೂ ಆ ಹಳೇ ಸಂಕೋಚ ವಾಪಸ್ ಬರಲಿಲ್ಲ. ನಮ್ಮ 120 ರೂಪಾಯಿಯೂ ಅದೇ ಕೆಲಸ ಮಾಡುತ್ತಿದೆ ಅಂತ ನನಗೆ ಅನುಮಾನ. ಅದನ್ನು ಕೊಟ್ಟ ಮೇಲೆ ಲೆಕ್ಕ ಚುಕ್ತಾ ಆಯ್ತು ಅಂದುಕೊಳ್ಳುತ್ತೇವೆ. ಆದರೆ ಆ ಹಣ ಹೋಗುವುದು ರೈಲ್ವೆಗೆ. ನಾವು ಹಿಡಿದಿಟ್ಟುಕೊಂಡ ಬರ್ತಿನಿಂದ ತೊಂದರೆ ಆಗಿದ್ದು ರೈಲ್ವೆಗೆ ಅಲ್ಲವಲ್ಲ.

ಹಾಗಾದರೆ ಯಾರಿಗೆ ಆಗಿದ್ದು? ವೇಟಿಂಗ್ ಲಿಸ್ಟಿನಲ್ಲಿ ಇದ್ದವನಿಗೆ ಬರ್ತ್ ಸಿಕ್ಕಿತು ಅನ್ನುವುದು ಗೆಳೆಯನ ಮಾತು. ಸರಿ. ಆದರೆ ವೇಟಿಂಗ್ ಲಿಸ್ಟಿಗೇ ಬಾರದೆ ಹೋದವರು? ಪರದೆಯ ಮೇಲೆ ದೊಡ್ಡ ಸಂಖ್ಯೆ ನೋಡಿ, ಅಥವಾ 'ರಿಗ್ರೆಟ್' ನೋಡಿ, ಫೋನ್ ಜೇಬಿಗೆ ಹಾಕಿಕೊಂಡವರು? ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಾವು ಕ್ಯಾನ್ಸಲ್ ಮಾಡಿದ ಸುದ್ದಿ ಅವರಿಗೆ ಯಾರೂ ಹೇಳುವುದಿಲ್ಲ. ಅವರು ಆಗಲೇ ಹಬ್ಬದ ರೇಟಿನ ಖಾಸಗಿ ಬಸ್ಸಿಗೆ ಮೂರು ಪಟ್ಟು ಕೊಟ್ಟಿರುತ್ತಾರೆ, ಇಲ್ಲಾ ಜನರಲ್ ಬೋಗಿಯ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂರಲು ತಯಾರಾಗಿರುತ್ತಾರೆ, ಇಲ್ಲಾ ಈ ಸಲ ಬರಕ್ಕಾಗಲ್ಲ ಅಂತ ಮನೆಗೆ ಫೋನ್ ಮಾಡಿರುತ್ತಾರೆ.

ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ವಾಚ್‌ಮನ್ ಬಿಹಾರದ ಬಕ್ಸರ್ ಕಡೆಯವರು, ವಯಸ್ಸು ಐವತ್ತರ ಆಸುಪಾಸು. ಅವರ ಊರಿಗೆ ಹೋಗುವ ರೈಲು ಸಂಘಮಿತ್ರ, ಬೈಯಪ್ಪನಹಳ್ಳಿಯ ಹೊಸ ಟರ್ಮಿನಲ್‌ನಿಂದ ದಾನಾಪುರಕ್ಕೆ ಹೋಗುವಂಥದ್ದು. ಚೆನ್ನೈ ಹಾದು, ವಿಜಯವಾಡ, ನಾಗಪುರ, ಜಬಲ್ಪುರ ದಾಟಿ ಎರಡು ರಾತ್ರಿಯ ಪ್ರಯಾಣ. ಒಂದು ದಿನ ಗೇಟಿನ ಹತ್ತಿರ ನಿಲ್ಲಿಸಿ, "ಸಾರ್, ಸ್ವಲ್ಪ ಟಿಕೆಟ್ ನೋಡಿ ಸಾರ್, ಛಠ್ ಪೂಜೆಗೆ" ಅಂದರು. ಹಬ್ಬಕ್ಕೆ ಆಗ ಹನ್ನೆರಡು ದಿನ ಇತ್ತು. ಇಷ್ಟು ತಡವಾಗಿ ನೋಡಿದರೆ ಸಿಗಲ್ಲ, ಎರಡು ತಿಂಗಳ ಹಿಂದೆಯೇ ಮಾಡಿಸಬೇಕಿತ್ತು ಅಂದೆ. ಅವರು ಹೇಳಿದ್ದು ಇಷ್ಟೇ: "ರಜೆ ನಿನ್ನೆ ಕೊಟ್ಟರು ಸಾರ್." ಪಾಳಿಯ ಪಟ್ಟಿಯೇ ತಿಂಗಳ ಕೊನೆಗೆ ಬರುತ್ತದಂತೆ. ಬದಲಿ ಆಳು ಸಿಕ್ಕರೆ ರಜೆ, ಇಲ್ಲದಿದ್ದರೆ ಇಲ್ಲ. ಎರಡು ತಿಂಗಳ ಆಚೆಯ ತಾರೀಖು ಅನ್ನುವುದೇ ಅವರ ಲೆಕ್ಕದಲ್ಲಿ ಇಲ್ಲ. ಅಡ್ವಾನ್ಸಾಗಿ ಬುಕ್ ಮಾಡಿ, ಬೇಡವಾದರೆ ಕ್ಯಾನ್ಸಲ್ ಮಾಡಿ ಅನ್ನೋಣವೇ? ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯ ಟಿಕೆಟ್ ದುಡ್ಡನ್ನು ಎರಡು ತಿಂಗಳು ಸುಮ್ಮನೆ ಕಟ್ಟಿ ಕೂರುವಷ್ಟು ಸಲೀಸು ಎಲ್ಲರಿಗೂ ಇರುವುದಿಲ್ಲ. ಕೊನೆಗೆ ಅವರು ಹೋಗಿದ್ದು ಜನರಲ್ ಬೋಗಿಯಲ್ಲಿ. ಹೋಗಿ ಬಂದು ಠೇಕುವಾ ತಂದುಕೊಟ್ಟರು. ಯಾರ ಮೇಲೂ ದೂರಿಲ್ಲ. ರೈಲು ತುಂಬಿತ್ತು, ಅಷ್ಟೇ.

ಬಿಹಾರದ ತನಕ ಯಾಕೆ ಹೋಗಬೇಕು? ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದು ನಮ್ಮದೇ ಅಪಾರ್ಟ್‌ಮೆಂಟುಗಳಿಗೆ ಸೆಂಟ್ರಿಂಗ್ ಕಟ್ಟುವವರ, ಇಟ್ಟಿಗೆ ಹೊರುವವರ ಕಥೆಯೂ ಇದೇ. ಮೇಸ್ತ್ರಿ ಬಟವಾಡೆ ಕೊಟ್ಟ ದಿನವೇ ಅವರಿಗೆ ಊರಿಗೆ ಹೋಗುವ ದಿನ.

ಹಾಗಾಗಿ 'ಮೊದಲು ಬಂದವರಿಗೆ ಮೊದಲು' ಅನ್ನುವ ಚೊಕ್ಕ ನಿಯಮದ ಒಳಗೆ ಇನ್ನೊಂದು ನಿಯಮ ಅಡಗಿ ಕೂತಿದೆ: ಎರಡು ತಿಂಗಳ ಆಚೆ ತನ್ನ ಬದುಕು ಎಲ್ಲಿರುತ್ತದೆ ಅಂತ ಗೊತ್ತಿರುವವರಿಗೆ ಮೊದಲು. ವರ್ಷದ ಶುರುವಿನಲ್ಲೇ ರಜೆಗಳ ಪಟ್ಟಿ ಇಮೇಲಿನಲ್ಲಿ ಬರುವ ನಮಗೆ ಅದೊಂದು ಆಸ್ತಿ ಅಂತ ಅನ್ನಿಸುವುದೇ ಇಲ್ಲ. ಅದರಲ್ಲಿ ನಮ್ಮ ತಪ್ಪೇನೂ ಇಲ್ಲ ಬಿಡಿ. ಮುಂಚೆ ಯೋಚನೆ ಮಾಡುವುದು ಒಳ್ಳೆಯ ಗುಣ, ಅದಕ್ಕೆ ಫಲ ಸಿಗುವುದೂ ನ್ಯಾಯ. ನಮಗೆ ಬೇಕಾದ ಒಂದು ಬರ್ತನ್ನು ಮೊದಲು ಹೋಗಿ ಹಿಡಿದುಕೊಂಡರೆ ನನ್ನ ತಕರಾರಿಲ್ಲ. ತಕರಾರು ಎರಡನೆಯದರ ಬಗ್ಗೆ, ಮೂರನೆಯದರ ಬಗ್ಗೆ. ಮೊದಲೇ ಮುಂದೆ ಇದ್ದವನು ಅದೇ ಅನುಕೂಲವನ್ನು ಮೂರು ಸಲ ಬಳಸಿಕೊಳ್ಳುವುದು ಅದು.

ಮೊದಲು ಮುಟ್ಟಿದವನಿಗೆ ವಸ್ತು ಯಾಕೆ ಸೇರಬೇಕು ಅನ್ನುವ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವನು ಇಂಗ್ಲೆಂಡಿನ ಜಾನ್ ಲಾಕ್, 1689ರಲ್ಲಿ. ಕಾಡಿನ ಮರದಿಂದ ಹಣ್ಣು ಕಿತ್ತವನಿಗೆ ಆ ಹಣ್ಣು ಯಾಕೆ ಸೇರಬೇಕು? ಅವನು ಮೈಬಗ್ಗಿಸಿದ್ದಾನೆ, ಅದಕ್ಕೆ. ಇಷ್ಟನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ಆದರೆ ಲಾಕ್ ಅದಕ್ಕೆ ಎರಡು ಕಟ್ಟು ಹಾಕಿದ್ದ: ಉಳಿದವರಿಗೂ ಸಾಕಷ್ಟು, ಅಷ್ಟೇ ಚೆನ್ನಾಗಿರುವುದು ಮಿಕ್ಕಿರಬೇಕು, ಮತ್ತು ಕೊಳೆತು ಹೋಗುವ ಮುಂಚೆ ಬಳಸುವಷ್ಟನ್ನು ಮಾತ್ರ ಕೀಳಬೇಕು. ಇಟ್ಟಲ್ಲೇ ಕೊಳೆತರೆ ಅದು ಬೇರೆಯವರ ಪಾಲನ್ನು ತಿಂದ ಹಾಗೆ. ರೈಲಿನ ಬರ್ತು ಹಣ್ಣಿಗಿಂತ ಬೇಗ ಕೊಳೆಯುವ ವಸ್ತು. ಕೊನೇ ಗಳಿಗೆಯಲ್ಲಿ ಬಿಟ್ಟರೆ, ಅದನ್ನು ನಂಬಿ ಬದುಕಿನ ಏರ್ಪಾಡು ಮಾಡಿಕೊಳ್ಳಬಹುದಾಗಿದ್ದ ಎರಡು ತಿಂಗಳು ಆಗಲೇ ಕೊಳೆತು ಹೋಗಿರುತ್ತದೆ. ಚಾರ್ಟ್ ಆಗುವ ಹೊತ್ತಿಗೆ ಕನ್ಫರ್ಮ್ ಆದ ಟಿಕೆಟ್ಟೂ, ಎರಡು ತಿಂಗಳ ಹಿಂದೆಯೇ ಕನ್ಫರ್ಮ್ ಆದ ಟಿಕೆಟ್ಟೂ ಒಂದೇ ಬರ್ತಿನದ್ದಿರಬಹುದು, ಆದರೆ ಅವೆರಡೂ ಒಂದೇ ಅಲ್ಲ. ವೇಟಿಂಗ್ ಲಿಸ್ಟ್ 14 ಹಿಡಿದುಕೊಂಡು ತಂಗಿಯ ಮದುವೆಗೆ ಹೊರಟವರನ್ನು ಕೇಳಿ ನೋಡಿ.

ಲಾಕ್‌ಗಿಂತ ಐನೂರು ವರ್ಷ ಮುಂಚೆ ಇದೇ ಮಾತು ನಮ್ಮಲ್ಲಿ ಇನ್ನೂ ಖಾರವಾಗಿ ಬಂದಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಶಾಲೆಯಲ್ಲಿ ಓದಿರುತ್ತೀರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ತಗೊಳ್ಳಲಿಲ್ಲ, ಹೆಚ್ಚಾದದ್ದನ್ನು ಅಲ್ಲೇ ಹಾಕಿ ಬಾ ಅಂತ ಗಂಡನನ್ನು ವಾಪಸ್ ಕಳಿಸಿದಳು. ನಾನು ಚಿಕ್ಕವನಿದ್ದಾಗ ಈ ಕಥೆ ಅರ್ಥವೇ ಆಗುತ್ತಿರಲಿಲ್ಲ. ಅದು ಚೆಲ್ಲಿದ ಅಕ್ಕಿ ತಾನೇ? ಯಾರದ್ದೂ ಅಲ್ಲ. ಕದ್ದಿಲ್ಲ. ನಾಳೆಗೆ ಆಗುತ್ತಿತ್ತು. ಈಗ ಓದಿದರೆ ಅವಳು ಕೇಳಿದ್ದು ಯಾರದು ಅಂತಲ್ಲ, ಇವತ್ತಿಗೆ ಎಷ್ಟು ಬೇಕು ಅಂತ ಅನ್ನಿಸುತ್ತದೆ. ನಾಳೆಗೂ ಇರ್ಲಿ ಅನ್ನುವ ಆ ಮನಸ್ಸಿನ ಮೇಲೆಯೇ ಅವಳ ಕಣ್ಣು. ಅಷ್ಟು ಕಟ್ಟುನಿಟ್ಟು ನನ್ನ ಕೈಲಂತೂ ಆಗುವುದಿಲ್ಲ, ಫ್ರಿಜ್ ಇಟ್ಟುಕೊಂಡ ಯಾರ ಕೈಲೂ ಆಗಲಿಕ್ಕಿಲ್ಲ. ಆದರೆ ಎಲ್ಲರೂ ಬಂದು ಆಯುವ ಅಂಗಳದಲ್ಲಿ ಎಷ್ಟು ಆಯಬೇಕು ಅನ್ನುವ ಪ್ರಶ್ನೆ ಸ್ವಂತ ಹೊಲದ ಪ್ರಶ್ನೆ ಅಲ್ಲ. ರೈಲ್ವೆಯ ಬುಕಿಂಗ್ ಪುಟ ಅಂಥ ಅಂಗಳ.

ಗೆಳೆಯ ಇದಕ್ಕೆ, "ನಾ ರೊಕ್ಕ ಕೊಟ್ಟೀನಿ, ಹಂಗಾರ ನನ್ನ ಸ್ವಂತದ್ದೇ ಆಯ್ತಲ್ಲ" ಅಂದ. ಆಯ್ತಾ? ಸ್ವಂತದ್ದಾದರೆ ಮಾರಲು ಬರಬೇಕಿತ್ತು. ಸೀರೆ ಕೊಂಡರೆ ಮಾರಬಹುದು, ಸೈಟ್ ಕೊಂಡರೆ ಮಾರಬಹುದು. ಬರ್ತಿನ ಟಿಕೆಟ್ ಮಾರುವ ಹಾಗಿಲ್ಲ, 1989ರ ರೈಲ್ವೆ ಕಾಯ್ದೆಯ 142ನೇ ಕಲಂ ಪ್ರಕಾರ ಅದು ಅಪರಾಧ. ತೀರಾ ಹತ್ತಿರದ ಸಂಬಂಧಿಕರ ಹೆಸರಿಗೆ ಮಾತ್ರ, ಅದೂ ಮುಂಚಿತವಾಗಿ ಅರ್ಜಿ ಕೊಟ್ಟು ಬದಲಿಸಿಕೊಳ್ಳಬಹುದು. ಅಂದರೆ ನಾವು ಕೊಂಡಿದ್ದು ಆ ರಾತ್ರಿ ಅಲ್ಲಿ ಮಲಗುವ ಅವಕಾಶವನ್ನೇ ಹೊರತು ಆರಡಿ ರೆಕ್ಸಿನ್ನನ್ನಲ್ಲ. ಮಲಗುವ ಉದ್ದೇಶವೇ ಇಲ್ಲದವನ ಕೈಯಲ್ಲಿ ಆ ಅವಕಾಶಕ್ಕೆ ಅರ್ಥ ಏನು?

ಅದರ ಮುಂದಿನ 143ನೇ ಕಲಂ ದಲ್ಲಾಳಿಗಳಿಗೆ. ಪರವಾನಗಿ ಇಲ್ಲದೆ ಟಿಕೆಟ್ ದಂಧೆ ಮಾಡುವವರಿಗೆ ಮೂರು ವರ್ಷದ ತನಕ ಜೈಲು, ಹತ್ತು ಸಾವಿರದ ತನಕ ದಂಡ. ದಲ್ಲಾಳಿಯನ್ನು ಕಂಡರೆ ನಮಗೆಲ್ಲ ಸಿಟ್ಟು. ಬೇಡದಿದ್ದರೂ ಬರ್ತ್ ಹಿಡಿದಿಟ್ಟುಕೊಳ್ಳುತ್ತಾನೆ, ಬೇಕಾದವರ ದಾರಿಗೆ ಅಡ್ಡ ಕೂರುತ್ತಾನೆ ಅಂತ. ಅವನು ದುಡ್ಡಿಗಾಗಿ ಹಾಗೆ ಮಾಡುತ್ತಾನೆ, 'ಇರ್ಲಿ' ಅನ್ನುವವರು ನೆಮ್ಮದಿಗಾಗಿ ಮಾಡುತ್ತಾರೆ. ಉದ್ದೇಶದಲ್ಲಿ ವ್ಯತ್ಯಾಸ ಇದೆ, ಅದು ದೊಡ್ಡ ವ್ಯತ್ಯಾಸವೇ. ಆದರೆ ಬುಕಿಂಗ್ ತೆರೆದ ಹದಿನೈದನೇ ದಿನ ಟಿಕೆಟ್ ಹುಡುಕುವವನ ಪರದೆಯ ಮೇಲೆ ಇವೆರಡೂ ಒಂದೇ ಥರ ಕಾಣಿಸುತ್ತವೆ. ಇನ್ನೂ ಹೇಳಬೇಕೆಂದರೆ ದಲ್ಲಾಳಿ ಹಿಡಿದ ಬರ್ತಿನಲ್ಲಿ ಕೊನೆಗೆ ಯಾರೋ ಒಬ್ಬರು ಮಲಗಿಯೇ ಮಲಗುತ್ತಾರೆ.

ಇದೆಲ್ಲ ನಾಲ್ಕೈದು ಜನರ ಚಟ ಅಲ್ಲ. ಮೊದಲು ಬುಕಿಂಗ್ 120 ದಿನ ಮುಂಚೆಯೇ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದನ್ನು 60ಕ್ಕೆ ಇಳಿಸಿದರು. ಅಷ್ಟು ಮುಂಚೆ ಮಾಡಿಸಿದ ಟಿಕೆಟ್ಟುಗಳಲ್ಲಿ ಶೇಕಡಾ 21ರಷ್ಟು ರದ್ದಾಗುತ್ತಿದ್ದವು, ಶೇಕಡಾ 4-5ರಷ್ಟು ಜನ ರದ್ದೂ ಮಾಡದೆ, ರೈಲಿಗೂ ಬಾರದೆ ಇರುತ್ತಿದ್ದರು ಅಂತ ರೈಲ್ವೆ ಆಗ ಕಾರಣ ಕೊಟ್ಟಿತು. ಅದರಲ್ಲಿ ನಿಜವಾದ ಕಾಯಿಲೆ ಕಸಾಲೆ, ಮುಂದಕ್ಕೆ ಹೋದ ಪರೀಕ್ಷೆ, ಮುರಿದ ಮದುವೆ ಎಲ್ಲವೂ ಇದ್ದಿರುತ್ತವೆ. 'ಇರ್ಲಿ'ಯೂ ಇದ್ದಿರುತ್ತದೆ.

ಇಲ್ಲಿ ನೀವು ಕೇಳಬಹುದು: ಇಷ್ಟೆಲ್ಲ ನಮ್ಮ ತಲೆಗೆ ಕಟ್ಟುವ ಬದಲು ರೈಲು ಜಾಸ್ತಿ ಬಿಡ್ಲಿ ಸ್ವಾಮಿ! ಒಪ್ಪಿದೆ. ಬೆಂಗಳೂರಿನಿಂದ ಉತ್ತರ ಕರ್ನಾಟಕಕ್ಕೆ ಹೋಗುವ ಯಾರನ್ನು ಕೇಳಿದರೂ ಮೊದಲು ಹೇಳುವುದು ಅದನ್ನೇ, ಬರ್ತುಗಳ ಬರ ನಾವು ಮಾಡಿದ್ದಲ್ಲ. ನೀರಿಲ್ಲದ ಬೀದಿಗೆ ಟ್ಯಾಂಕರ್ ಬಂದಾಗಲೂ ಹೀಗೇ ಹೇಳಬಹುದು, ತಪ್ಪು ಜಲಮಂಡಳಿಯದು ಅಂತ. ನಿಜವೇ. ಆದರೆ ಅದೇ ಕಾರಣಕ್ಕೆ ಇರೋ ಬಕೆಟ್ಟುಗಳನ್ನೆಲ್ಲ ತಂದು ಸಾಲಿನಲ್ಲಿ ಇಡುವುದು ಸರಿ ಅಂತ ಯಾರಿಗೂ ಅನ್ನಿಸುವುದಿಲ್ಲ. ಅಲ್ಲಿ ಹಿಂದೆ ನಿಂತವಳು ಕಾಣಿಸುತ್ತಾಳೆ.

ತತ್ಕಾಲ್ ಇದೆಯಲ್ಲ ಅನ್ನುವುದು ಇನ್ನೊಂದು ಮಾತು. ತುರ್ತಾಗಿ ಹೋಗಬೇಕಾದವರಿಗೆ ಅಂತ 1997ರಲ್ಲಿ ಶುರುವಾದದ್ದು. ಹೊರಡುವ ಹಿಂದಿನ ದಿನ ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. ದಂಧೆಯವರನ್ನು ತಡೆಯಲು 2025ರ ಜುಲೈಯಿಂದ ಆಧಾರ್ ದೃಢೀಕರಣ ಕಡ್ಡಾಯ ಮಾಡಿದ್ದಾರೆ, ಏಜೆಂಟರಿಗೆ ಮೊದಲ ಅರ್ಧ ಗಂಟೆ ಪ್ರವೇಶ ಇಲ್ಲ. ಒಳ್ಳೆಯದೇ. ಆದರೆ ಊರಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದವನು 11 ಗಂಟೆಗೆ ಸರಿಯಾಗಿ ಓಟಿಪಿ ಹಾಕಿ, ಕ್ಯಾಪ್ಚಾ ಓದಿ, ಫೈಬರ್ ಇಂಟರ್ನೆಟ್ ಇಟ್ಟುಕೊಂಡು ಟ್ರಿಪ್ಪಿಗೆ ಹೊರಟ ಹುಡುಗರ ಜತೆ ಬೆರಳಿನ ಓಟ ಓಡಬೇಕು. ಅಲ್ಲಿಯೂ ಯಾರ ಅವಸರ ದೊಡ್ಡದು ಅಂತ ಕೇಳುವವರು ಯಾರೂ ಇಲ್ಲ, ಯಂತ್ರ ಕೇಳುವುದಾದರೂ ಹೇಗೆ? ತತ್ಕಾಲ್ ಬಗ್ಗೆ ಬರೆಯಲು ಹೊರಟರೆ ಅದೇ ಇನ್ನೊಂದು ಲೇಖನ ಆಗುತ್ತದೆ, ಇಲ್ಲಿಗೇ ಬಿಡ್ತೀನಿ.

ಎರಡು ಟಿಕೆಟ್ ಯಾವತ್ತೂ ಮಾಡಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಇದೇ ಗೆಳೆಯನ ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಬೆಂಗಳೂರಿನಲ್ಲಿ ತೋರಿಸಿಕೊಂಡು ವಾಪಸ್ ಹೋಗಬೇಕು. ಡಾಕ್ಟರು ಮುಂದಿನ ಭೇಟಿಯ ದಿನವನ್ನು ವಾರದ ಮುಂಚೆ ತನಕ ಖಚಿತ ಮಾಡುವುದಿಲ್ಲ, ಲೋವರ್ ಬರ್ತ್ ಇಲ್ಲದೆ ಅವರು ಪ್ರಯಾಣ ಮಾಡುವ ಹಾಗಿಲ್ಲ. ಅವನು ಅಮ್ಮನ ಹೆಸರಿನಲ್ಲಿ ಎರಡು ತಾರೀಖಿಗೆ ಲೋವರ್ ಬರ್ತ್ ಹಿಡಿದಿದ್ದಾನೆ. ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಅಲ್ಲಿ ಅನುಮಾನ ಅವನ ಕೈಯಲ್ಲಿಲ್ಲ, ಬರ್ತ್ ತಪ್ಪಿದರೆ ಆಗುವ ಕಷ್ಟ ನೂರಿಪ್ಪತ್ತು ರೂಪಾಯಿಯದ್ದಲ್ಲ. ಹಬ್ಬಕ್ಕೆ ಗುರುವಾರವೋ ಶುಕ್ರವಾರವೋ ಅನ್ನುವುದು ಹಾಗಲ್ಲ. ಮ್ಯಾನೇಜರ್ ಹತ್ತಿರ ಹೋಗಿ ಒಂದು ಮಾತು ಕೇಳಿದರೆ ಮುಗಿಯುವ ಅನುಮಾನ ಅದು. ಕೇಳುವ ಮುಜುಗರ ತಪ್ಪಿಸಿಕೊಳ್ಳಲು ಇನ್ನೊಬ್ಬರ ಬರ್ತನ್ನು ಎರಡು ತಿಂಗಳು ಅಡ ಇಟ್ಟುಕೊಂಡ ಹಾಗೆ ಆಗುತ್ತದೆ. ಎರಡಕ್ಕೂ ಆ್ಯಪಿನಲ್ಲಿ ಒಂದೇ ಬಟನ್, ಒಂದೇ ರಸೀದಿ, ಹಾಗಾಗಿ ವ್ಯತ್ಯಾಸವನ್ನು ನಾವೇ ಮಾಡಿಕೊಳ್ಳಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ನನ್ನ ಮಟ್ಟಿಗೆ ಅರ್ಧ ಪ್ರಶ್ನೆ ಇರುವುದೇ ಇಲ್ಲಿ. ಬೇಡ ಅಂತ ಗೊತ್ತಾದ ಮೇಲೆ ಯಾವಾಗ ಬಿಡುತ್ತೀರಿ? ಹೆಚ್ಚಿನವರು ರೀಫಂಡ್ ಕಡಿತ ಜಾಸ್ತಿಯಾಗುವ ಗಡುವು ನೋಡಿಕೊಂಡು, ಅದರ ಹಿಂದಿನ ರಾತ್ರಿ ಬಿಡುತ್ತಾರೆ. ಅಲ್ಲಿಯವರೆಗೆ ಇಟ್ಟುಕೊಂಡರೆ ಖರ್ಚೇನೂ ಇಲ್ಲವಲ್ಲ! ಗಡುವಿಗೆ ಹತ್ತು ದಿನ ಮುಂಚೆಯೇ ಮನಸ್ಸು ಗಟ್ಟಿಯಾಗಿದ್ದರೆ ಆ ಹತ್ತು ದಿನ ಬರ್ತ್ ಯಾರ ಕೆಲಸಕ್ಕೂ ಇಲ್ಲದೆ ಸುಮ್ಮನೆ ಬಿದ್ದಿರುತ್ತದೆ. ಅನುಮಾನ ಇದ್ದಾಗ ಹಿಡಿದಿಟ್ಟುಕೊಂಡದ್ದಕ್ಕೆ ಏನೋ ಒಂದು ಸಮಜಾಯಿಷಿ ಹೇಳಬಹುದು. ಈ ಹತ್ತು ದಿನಕ್ಕೆ ಯಾವ ಸಮಜಾಯಿಷಿಯೂ ನನಗೆ ಹೊಳೆದಿಲ್ಲ. ಗೆಳೆಯನಿಗೂ ಹೊಳೆಯಲಿಲ್ಲ. "ಮರ್ತಿರ್ತೀವಿ ಮಾರಾಯಾ" ಅಂದ. ಅದು ಇರಬಹುದು.

ಅವನ ಹತ್ತಿರ ಈ ಸಲದ ಹಬ್ಬಕ್ಕೆ ಎರಡು ಟಿಕೆಟ್ ಇವೆ. ಗುರುವಾರದ್ದು ಅಪ್ಪರ್ ಬರ್ತ್, ಶುಕ್ರವಾರದ್ದು ಸೈಡ್ ಲೋವರ್. ಶುಕ್ರವಾರವೂ ರಜೆ ಮಂಜೂರಾಗಿರುವುದರಿಂದ ಅವನು ಹೊರಡುವುದು ಗುರುವಾರವೇ. ಆದರೂ ಕಿಟಕಿ ಪಕ್ಕದ ಆ ಸೈಡ್ ಲೋವರ್ ಬಿಡಲು ಮನಸ್ಸಿಲ್ಲ, ನೋಡೋಣ ಅನ್ನುತ್ತಿದ್ದಾನೆ. ಮ್ಯಾನೇಜರ್ ರಜೆ ಒಪ್ಪಿದ್ದು ಹೋದ ಸೋಮವಾರ. ಇವತ್ತಿಗೆ ಒಂಬತ್ತು ದಿನ ಆಯ್ತು.